ಮೊಣಕೈ ಲೆಕ್ಕ

ಗೀಜರಿನ ಹಳೇ ಥರ್ಮೋಸ್ಟ್ಯಾಟ್ ಬಿಚ್ಚಿ
ದಾವಲಸಾಬ ನನ್ನ ಅಂಗೈಯಾಗ ಇಟ್ಟ.
ಅಂಕಿ ಎಲ್ಲಾ ಅಳಿಸ್ಯಾವ. ಒಂದು ಕಡೆ ಮಾತ್ರ
ಉಗುರಿನ ಬಣ್ಣದ ಕೆಂಪು ಚುಕ್ಕಿ.
ಅತ್ತಿ ಇಟ್ಟದ್ದು, ಶಾಂಭವಿ ಹುಟ್ಟಿದ ಮಾಗಿಯೊಳಗ,
ಕೂಸಿನ ನೀರಿಗೆ.

"ಹೊಸಾದು ಭಾಳ ಶಾಣ್ಯಾ ಐತ್ರಿ, ಫೋನಿನ್ಯಾಗ ಹೇಳಿದ್ರ ಸಾಕು.
ಎಷ್ಟು ಡಿಗ್ರಿ ಇಡ್ಲಿ?"

ಎಷ್ಟಂತ ಹೇಳಲಿ?
ಅತ್ತಿ ಬಕೇಟಿಗೆ ಮೊಣಕೈ ಅದ್ದಿ
"ಹ್ಞಾಂ" ಅನ್ನೂದೊಂದ ಗೊತ್ತು ನನಗ.
ಆ ಹ್ಞಾಂಗ ಅಂಕಿ ಇರಲಿಲ್ಲ.

ಮೂವತ್ತೆಂಟು ಒತ್ತಿದೆ. ತಣ್ಣಗ.
ನಲವತ್ತೊಂದು. ಚುರ್ ಅಂತು.
ಮೂವತ್ತೊಂಬತ್ತಕ್ಕ ನನ್ನ ಮೊಣಕೈ
ತಾನ "ಹ್ಞಾಂ" ಅಂತು, ಅತ್ತಿ ದನಿಯೊಳಗ.

ಕೆಲಗೇರಿಯ ಥಂಡಿಗೆ ನಡುಗುತ್ತ
ಇಪ್ಪತ್ತರ ಶಾಂಭವಿ ಬಾಗಿಲಾ ಬಡಿದಳು:
"ಅವ್ವಾ, ನೀರು ಕಾದಾವಂತ ನನ್ನ ಫೋನ್ ಹೇಳಾಕತ್ತೈತಿ,
ಒಳಗ ಇಬ್ಬರೂ ಏನ್ ಮಾಡಾಕತ್ತೀರಿ?"