ಜನವರಿಯ ಎಣಿಕೆ

ಹೇಜಲ್ ಪೊದೆಗಳ ನಡುವೆ, ಕೊಳೆತೆಲೆಯ ಕೆಳಗೆ
ಕಬ್ಬಿಣದ ಮುಚ್ಚಳ. ಎತ್ತಲು ಇಬ್ಬರು ಬೇಕು.
ನಾನು, ಮತ್ತೆ ಕೀಲಿ ತಂದ ಮಿಸೆಸ್ ಕ್ಯಾಚ್‌ಪೋಲ್:
ಎಂಬತ್ತಮೂರು ವರ್ಷ, ಮೊಣಕಾಲಿನವರೆಗೆ ರಬ್ಬರ್ ಬೂಟು,
'ನಾನಂತೂ ಇಳಿಯುವುದಿಲ್ಲ' ಎಂದು
ಗೇಟಿನ ಹತ್ತಿರವೇ ಹೇಳಿಬಿಟ್ಟಿದ್ದರು.

ಸಫೋಕ್‌ನ ನೆಲಮಾಳಿಗೆಗಳಲ್ಲಿ, ಹಳೆ ಸುರಂಗಗಳಲ್ಲಿ
ಚಳಿಗೆ ನಿದ್ದೆ ಹೋದ ಬಾವಲಿಗಳನ್ನು ಎಣಿಸುವುದು ನನ್ನ ಕೆಲಸ.
ಕೆಂಪು ಟಾರ್ಚು, ತಾಪಮಾಪಕ, ಪೆನ್ಸಿಲು.
ಈ ಬಿಲ ನನ್ನ ಪಟ್ಟಿಗೆ ಹೊಸದು.
ಸದ್ದು ಮಾಡಬಾರದು, ಹೆಚ್ಚು ಉಸಿರು ಬಿಡಬಾರದು;
ಒಮ್ಮೆ ಎಚ್ಚರವಾದರೆ ಸಾಕು, ಪಾಪ,
ಎಷ್ಟೋ ದಿನಕ್ಕೆಂದು ಕೂಡಿಟ್ಟ ಕೊಬ್ಬು ಕರಗಿಹೋಗುತ್ತದೆ.

ನವಲಗುಂದದಲ್ಲಿ ದೊಡ್ಡಪ್ಪ ಹಗೇವು ತೆರೆದ ದಿನ
ಮಕ್ಕಳನ್ನು ಹತ್ತಿರ ಸೇರಿಸುತ್ತಿರಲಿಲ್ಲ.
ಮೊದಲು ಗಾಳಿ ಇಳಿಯಲಿ. ಆಮೇಲೆ ಹಗ್ಗಕ್ಕೆ ಕಟ್ಟಿದ ಕಂದೀಲು.
ಕಂದೀಲು ಉರಿದರೆ ಮನುಷ್ಯ.
ನನ್ನ ಸೊಂಟದ ಯಂತ್ರ ಹಸಿರು ಮಿನುಗಿ ಹೋಗು ಎಂದಿತು,
ಆದರೂ ಒಂದು ಗಳಿಗೆ ಕಾದೆ.

ಏಣಿಗೆ ಹನ್ನೆರಡು ಹಲ್ಲು, ಮೂರು ಉದುರಿವೆ.
ಬಾಗಿದ ತಗಡಿನ ಸೂರು. ಆರು ಮಂದಿಗೆ ನಾಲ್ಕು ಮಂಚ,
ಕಟ್ಟಿಗೆ ಮುಟ್ಟಿದರೆ ಹಿಟ್ಟು.
ಮೊಳೆಗೆ ನೇತುಹಾಕಿದ ಎನಾಮಲ್ ಮಗ್ಗಿನಲ್ಲಿ ಜೇಡ ಸಂಸಾರ ಹೂಡಿದೆ.
ಮೂಲೆಯಲ್ಲಿ ತೆವಳಿ ತಪ್ಪಿಸಿಕೊಳ್ಳಲು ಕಾಂಕ್ರೀಟಿನ ಕೊಳವೆ.
ಜರ್ಮನರು ಬಂದಿಳಿದ ಮೇಲೆ ಎರಡು ವಾರ ಬದುಕಿದರೆ ದೊಡ್ಡದು
ಎಂದು ಅವರಿಗೆ ಹೇಳಿದ್ದರಂತೆ.
ಬಿಸ್ಕತ್ತನ್ನೂ ಅಷ್ಟು ದಿನಕ್ಕೇ ಎಣಿಸಿ ಕೊಟ್ಟಿದ್ದರಂತೆ.
ಜರ್ಮನರು ಬರಲಿಲ್ಲ.

ಮೇಲಿನಿಂದ ಮಾತು ಬೀಳುತ್ತಿತ್ತು, ತುಂಡು ತುಂಡಾಗಿ:
ಅಪ್ಪ ಸಿರಿಲ್ ಫಿಸ್ಕ್, ಬೇಲಿ ಕಟ್ಟುವವನು.
ಮಂಗಳವಾರ, ಶುಕ್ರವಾರ ರಾತ್ರಿ ಮನೆಯಲ್ಲಿರುತ್ತಿರಲಿಲ್ಲ.
ಬೆಳಗಿನ ಜಾವ ಬಂದರೆ ಕೋಟಿಗೆ ಸೀಮೆಎಣ್ಣೆಯ ವಾಸನೆ,
ನಮ್ಮ ಹೊಲದ್ದಲ್ಲದ ಮಣ್ಣು.
ಸಹಿ ಹಾಕಿದ್ದ, ಬಾಯಿ ಬಿಡುವಂತಿರಲಿಲ್ಲ. ಬಿಡಲೂ ಇಲ್ಲ.
ಪಕ್ಕದೂರಿನ ಬೇಕರಿಯವಳೇ ಇರಬೇಕೆಂದು
ಅಮ್ಮ ಮೂವತ್ತು ವರ್ಷ ಆ ಬೇಕರಿಯ ಬ್ರೆಡ್ಡು ಮುಟ್ಟಲಿಲ್ಲ.
ಅಪ್ಪ ಸತ್ತಾಗ ಬೇಕರಿಯವಳು ಹೂವು ಕಳಿಸಿದ್ದಳು.
ಅಮ್ಮ ಅದನ್ನು ಹಂದಿಗೂಡಿಗೆ ಎಸೆದಳು.

ತಗಡಿನ ಹೊಲಿಗೆಯಲ್ಲಿ ಒಂದು, ಎರಡು.
ಕೊಳವೆಯ ಬಾಯಲ್ಲಿ ನಾಲ್ಕು, ಒಂದರ ಮೈಗೊಂದು ಅಂಟಿ.
ಬಾವಲಿ ಮನೆಗೆ ನೆಂಟರು ಬಂದರೆ
ನೀನೂ ನೇತಾಡು, ನಾನೂ ನೇತಾಡುತ್ತೇನೆ
ಎನ್ನುವ ಗಾದೆ ನೆನಪಾಗಿ ನಗು ನುಂಗಿದೆ.
ಕೊನೆಯದು ಉದ್ದಕಿವಿಯದು, ಒಂಟಿ;
ಅಷ್ಟುದ್ದದ ಕಿವಿಗಳನ್ನು ರೆಕ್ಕೆಯೊಳಗೆ ಮಡಚಿಟ್ಟುಕೊಂಡು
ಏನೂ ಕೇಳದವರ ಹಾಗೆ ಮಲಗಿತ್ತು.

'ಏಳು' ಎಂದು ಕೂಗಿದೆ, ಮೆಲ್ಲಗೆ.
ಅವರು ಕೇಳಿಸಿಕೊಳ್ಳಲಿಲ್ಲ. ಅಮ್ಮನ ಮಾತಿನಲ್ಲೇ ಇದ್ದರು:
ತೊಂಬತ್ತಕ್ಕೆ ಬಂದಾಗ ಯಾರೋ ದಾಖಲೆ ಹಿಡಿದು ಬಂದು
ಹೀಗೊಂದು ಗುಂಡಿಯಿತ್ತು, ನಿಮ್ಮವರು ಅಲ್ಲಿದ್ದರು ಎಂದರು.
ಅಮ್ಮ ಕಿಟಕಿ ನೋಡಿದಳು. ಚಹಾ ಆರಿತು.
ಆಮೇಲೆ ಅಂದಳು:
'ಇನ್ನೊಬ್ಬಳಾದರೂ ಇದ್ದಿದ್ದರೆ
ಅವನು ಬೆಚ್ಚಗಾದರೂ ಇರುತ್ತಿದ್ದ.'

ಮೇಲೆ ಬಂದು ನಮೂನೆ ತುಂಬಿಸಿದೆ.
ಹೊರಗೆ ಸೊನ್ನೆಗಿಂತ ಎರಡು ಕಡಿಮೆ, ಒಳಗೆ ಏಳು ಡಿಗ್ರಿ.
ಮನುಷ್ಯ ಸಂಚಾರದ ಗುರುತು: ಆ ಜಾಗ ಇನ್ನೂ ಖಾಲಿ.
ಮುಚ್ಚಳ ಎಳೆಯಲು ಬಗ್ಗಿದೆ.
ಸ್ವಲ್ಪ ತಾಳು, ಎಂದರು ಮಿಸೆಸ್ ಕ್ಯಾಚ್‌ಪೋಲ್.
ಕೈಗವಸು ಕಳಚಿ, ಒಲೆಯ ಮುಂದೆ ಹಿಡಿಯುವಂತೆ
ಆ ಬಾಯಿಯ ಮೇಲೆ ಅಂಗೈ ಹಿಡಿದರು,
ಬಹಳ ಹೊತ್ತು ತೆಗೆಯಲಿಲ್ಲ.