ಬಾಕಿ ಆರಾಣೆ

ಊರಿನ ಇತಿಹಾಸ ಎರಡು ಪುಟದಾಗ ಬರೀರಿ ಅಂದ
ಪಂಚಾಯ್ತಿ ಸೆಕ್ರೆಟರಿ. ಫೋಟೋಕ್ಕ ಜಾಗ ಬಿಡ್ರಿ ಅಂದ.
ನಾನು ಗ್ರಂಥಾಲಯದ ಬೀಗ ತೆಗೆಯುವಾಕೆ;
ಓದು ಬರಹ ನನ್ನ ಕೈಯಾಗಿದ್ದಂತೆ, ಹಿರೇಜಾಳಗಿಯ ಲೆಕ್ಕದಲ್ಲಿ.

ಮೊದಲ ಪುಟ ಸಲೀಸು.
ಮೂಡಲಿಗೆ ಕಾಗಿಣಾ, ಪಡುವಲಿಗೆ ಫರಸಿ ಖಣಿ,
ನಡುವೆ ಎರಿ ಹೊಲ, ಮಳೆಗಾಲದಲ್ಲಿ
ಚಪ್ಪಲಿ ಇಟ್ಟುಕೊಂಡು ಕಾಲನ್ನಷ್ಟೇ ವಾಪಸು ಕೊಡುವ ಮಣ್ಣು.
ತೊಗರಿ, ಜೋಳ, ಬದುವಿಗೆ ಕುಸುಬಿ.
ಬಾವಿ ಒಂದು. ತೋಡಿಸಿದವರು ಗುಂಡೇರಾವ ಮಾಲಿಪಾಟೀಲರು:
ಕಟ್ಟೆಯ ಕಲ್ಲೇ ಹೇಳುತ್ತದೆ,
ಕಲ್ಲಿಗೆ ವರ್ಷಕ್ಕೊಮ್ಮೆ ಸುಣ್ಣ.

ಎರಡನೆಯದಕ್ಕೆ ಚಿತ್ತಾಪುರದ ತಹಶೀಲಿಗೆ ಹೋದೆ.
ಕೆಂಪು ಬಟ್ಟೆಯ ಗಂಟು. ಫಸಲಿ ಹದಿಮೂರುನೂರಾ ನಲವತ್ತೇಳು.
ನಿಜಾಮನ ಕಾಲದ ಉರ್ದು, ಅದರ ಮೇಲೆ ಗೆದ್ದಲಿನ ತಿದ್ದುಪಡಿ.
ಓದಲಿಕ್ಕೆ ಲಾಡ್ಲೆಸಾಬ ಅತ್ತಾರರನ್ನು ಕರೆದೊಯ್ದಿದ್ದೆ,
ಎಂಬತ್ತನಾಲ್ಕು ವಯಸ್ಸು, ಒಂದೇ ಕಣ್ಣಿಗೆ ಆಪರೇಷನ್.
ಬಲದಿಂದ ಎಡಕ್ಕೆ ಬೆರಳು ಹೋಯಿತು
ಎಡೆಕುಂಟಿ ಹೊಡೆದ ಹಾಗೆ, ಒಂದು ಸಸಿಯನ್ನೂ ಮುಟ್ಟದೆ:
ಸರ್ವೆ ನಂಬರು ಅರವತ್ಮೂರು.
ಹುಣಸೆಮರ ಎರಡು. ಬಾವಿ ಒಂದು, ಹೊಸದು.
ಅಂಚಿನಲ್ಲಿ ಪಟವಾರಿಯ ಸಣ್ಣ ಅಕ್ಷರ:
ತೋಡಿದಾಕೆ ಮಣ್ಣೊಡ್ಡರ...

ಬೆರಳು ನಿಂತಿತು.
'ಇವ ಚುಕ್ಕಿ ಇಟ್ಟಿಲ್ಲವ್ವ, ಅವಸರದಾಗ ಬರದಾನ.
ಮ್ಯಾಲ ಎರಡಿದ್ರ ತ. ಕೆಳಗ ಒಂದಿದ್ರ ಬ, ಮೂರಿದ್ರ ಪ.
ಬನ್ನವ್ವ ಆಗಬಹುದು, ತಿಪ್ಪವ್ವ ಆಗಬಹುದು,
ಪುತ್ತವ್ವ ಅಂದ್ರೂ ನಾ ಅಲ್ಲ ಅನ್ನಂಗಿಲ್ಲ.'
ಮುಂದಿನದು ಸ್ಪಷ್ಟವಿತ್ತು. ಅಂಕಿ ಬರೆಯುವಾಗ ಯಾರಿಗೂ ಅವಸರವಿರುವುದಿಲ್ಲ:
ಕೂಲಿ ಬಾಕಿ ಆರಾಣೆ, ಹಾಲಿ ಸಿಕ್ಕಾ.

ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಎಣಿಸಿದೆ.
ಹತ್ತು ಮೊಳ ಎರಿ, ಆಮೇಲೆ ಫರಸಿ, ಹಾಸಿನ ಕೆಳಗೆ ಹಾಸು.
ಎಷ್ಟನೆಯ ಹಾಸಿನ ಕೂಲಿ ಅದು?
ನೀರು ಕಂಡ ಮೇಲೆ ಒಡ್ಡರಿಗೆ ಆ ಊರಲ್ಲೇನು ಕೆಲಸ,
ಗುಡಿಸಲನ್ನು ಕತ್ತೆಯ ಮೇಲೆ ಹೇರಿ ಮುಂದಿನ ಊರು.

ಆದರೆ ಒಂದು ಮನೆ ಉಳಿದಿತ್ತು.
ಸ್ಟ್ಯಾಂಡಿನ ಪಂಕ್ಚರ್ ಅಂಗಡಿಯ ಸಾಯಬಣ್ಣ
ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ.
'ನಮ್ಮ ಆಯಿನೇ ಇರಬೇಕ್ರಿ.
ಆ ಬಾವ್ಯಾಗ ಇಳದಾಗ ನಮ್ಮಪ್ಪ ಆಕಿ ಹೊಟ್ಟ್ಯಾಗಿದ್ನಂತ.
ಹೆಸರಾ? ಎಲ್ಲಾರೂ ಗಿಡ್ಡಿ ಅಂತಿದ್ರು.
ಖರೇ ಹೆಸರು ಕೇಳಿದವರಲ್ಲಿ ನೀವೇ ಮೊದಲಿನವರು.'
ಆರಾಣೆಯ ಮಾತು ಹೇಳಿದೆ. ನಕ್ಕ, ಕೈ ಒರೆಸಿಕೊಂಡ.
'ಕೊಟ್ರ ತಗೋತೀನ್ರಿ, ಯಾಕ್ ಬಿಡ್ಲಿ?
ಒಂದ್ ಗಾಲಿಗಿ ಗಾಳಿ ತುಂಬಾಕ್ಕೂ ಸಾಲಂಗಿಲ್ಲ, ಅದು ಬ್ಯಾರೆ ಮಾತು.'
ಗುಳ್ಳೆ ಸಿಕ್ಕಿತು. ಅದರ ಮೇಲೆ ಹೆಬ್ಬೆರಳಿಟ್ಟ.

ರಾತ್ರಿ ಬರೆಯಲು ಕೂತರೆ, ಕನ್ನಡದಲ್ಲಿ
ಚುಕ್ಕಿ ಬಿಟ್ಟು ಬರೆಯಲು ಬರುವುದಿಲ್ಲ.
ಬ ಅಂದರೆ ಬನೇ, ತ ಅಂದರೆ ತನೇ,
ಯಾವುದನ್ನು ಬರೆದರೂ ಇನ್ನಿಬ್ಬರು ಬಾವಿಯಲ್ಲೇ ಉಳಿಯುತ್ತಾರೆ.
ಗಿಡ್ಡಿ ಅಂತ ಬರೆದು ಹೊಡೆದುಹಾಕಿದೆ.
ಬಾಕಿಯನ್ನು ಬರೆದೆ. ಸಿಕ್ಕಾ ಸಮೇತ ಬರೆದೆ.
ಹೆಸರಿನ ಕಡೆ ಬೆರಳಗಲ ಬಿಟ್ಟೆ.

ಸೆಕ್ರೆಟರಿ ಕನ್ನಡಕ ಏರಿಸಿ ಅಲ್ಲಿಗೇ ಬಂದ:
'ಇಲ್ಲೇನು, ಫೋಟೋ ಬರ್ತದೇನ್ರಿ?'
ಬರಂಗಿಲ್ಲ ಅಂದೆ.
ಜಾಗ ಮಾತ್ರ ಹಂಗೇ ಬಿಡ್ರಿ.