ಎದೆಮಟ್ಟ

ಕಂಪ್ಲಿ ಹೊಳೆ, ೧೯೪೮

ನನ್ನ ಕೆಲಸ ಬರೆದುಕೊಳ್ಳುವುದು.
ಹರಿಗೋಲಿನಲ್ಲಿ ಕುಕ್ಕರಗಾಲು, ಮಂಡಿಯ ಮೇಲೆ ಸರ್ಕಾರದ ಪುಸ್ತಕ.
ರಟ್ಟಿನ ಮೇಲೆ ಇನ್ನೂ ಹಳೆಯ ಕಿರೀಟ,
ಅದರ ಮೇಲೊಂದು ನೀಲಿ ಪೆನ್ಸಿಲಿನ ಗೀಟು.
ಸರ್ಕಾರಕ್ಕೆ ಹತ್ತು ತಿಂಗಳು.
ಹಲ್ಲು ಬರುವ ವಯಸ್ಸು.

ಎಷ್ಟು ಅಡಿ, ಕೇಳುತ್ತಾರೆ ಕ್ಯಾಪ್ಟನ್ ನಂಬಿಯಾರ್.
ಅಂಬಿಗರ ಹುಲಿಗೆಪ್ಪ ಗಳ ಇಳಿಬಿಡುತ್ತಾನೆ, ಎತ್ತುತ್ತಾನೆ,
ಒದ್ದೆ ಗುರುತನ್ನು ಮೈಗೆ ಹಿಡಿದು ನೋಡುತ್ತಾನೆ.
"ನನಗ ಎದಿಮಟ್ಟ. ನನ್ನ ಮಗಳಿಗೆ ಕುತ್ತಿಗಿ."
ಬರೆಯುತ್ತೇನೆ: ನಾಲ್ಕು ಅಡಿ ಮೂರು ಅಂಗುಲ.

"ಇಲ್ಲಿ ಸೊಂಟ. ಗಬ್ಬದ ಎಮ್ಮಿ ಒಲ್ಲೆ ಅಂತೈತಿ."
ಮೂರು ಅಡಿ. ತಳ ಮರಳು. ಹೇಸರಗತ್ತೆ ದಾಟಬಹುದು.
"ಅಲ್ಲಿ ಮೊಣಕಾಲು. ದಿಬ್ಬಣ ದಾಟಿಸೀನ್ರಿ,
ಬೀಗರು ಪಂಜಿ ಎತ್ತಿ ಹಿಡಿದು ನಕ್ಕೋಂತ ಬಂದ್ರು."
ಒಂದೂವರೆ ಅಡಿ. ಲಾರಿ? ಮುಂದೆ ಒಂದು ಪ್ರಶ್ನೆಚಿಹ್ನೆ.
ಆಚೆ ದಡದಲ್ಲಿ ಕಾಣುವ ಹೊಗೆ
ಅವನ ಮಗಳ ಮನೆಯದು, ಅಂದರೆ ನಿಜಾಮರ ರಾಜ್ಯದ್ದು.

ರಾತ್ರಿ ಹೋಟೆಲಿನ ರೇಡಿಯೋ:
ಮಾತುಕತೆ ಸೌಹಾರ್ದದಿಂದ ನಡೆದಿದೆ,
ಕರಡಿನಲ್ಲಿ ಒಂದು ಪದ ತಿದ್ದುವುದು ಬಾಕಿ.
ಹೋದ ವಾರವೂ ಒಂದೇ ಪದ ಬಾಕಿಯಿತ್ತು.
ಅದೇ ಪದವೋ, ಅದರ ತಮ್ಮನೋ.
ಹೊಸಪೇಟೆ ಕಡೆಯಿಂದ ದೀಪವಿಲ್ಲದ ಲಾರಿಗಳು,
ಟಾರ್ಪಾಲಿನ ಕೆಳಗೆ ಬೋರಲು ಮಲಗಿದ ದೋಣಿಗಳ ಬೆನ್ನು.
ಬರೀ ಅಳತೆ, ಅನ್ನುತ್ತಾರೆ ಕ್ಯಾಪ್ಟನ್, ನಾನು ಕೇಳದಿದ್ದರೂ.
ಒಪ್ಪಂದವಾದರೆ ಸೇತುವೆಗೆ ಬರುತ್ತದೆ.
ಚಹಾದ ಕಾಸು ಅವರೇ ಕೊಡುತ್ತಾರೆ.

ಕಾರಹುಣ್ಣಿಮೆ ಕಳೆದು ಹೊಳೆಗೆ ಕೆಂಪು ನೀರು ಬಂತು.
ಬರೆದದ್ದೆಲ್ಲ ಸುಳ್ಳಾಯಿತು.
ಕ್ಯಾಪ್ಟನ್ ಹೊಸ ಪುಟ ಅಂದರು. ಮತ್ತೆ ಮೊದಲಿಂದ,
ಎದೆಯಿದ್ದಲ್ಲಿ ಗದ್ದ, ಸೊಂಟವಿದ್ದಲ್ಲಿ ಎದೆ,
ದಿಬ್ಬಣ ನಕ್ಕ ಜಾಗದಲ್ಲಿ ಸುಳಿ.
ನಡುಹೊಳೆಯಲ್ಲಿ ಹುಲಿಗೆಪ್ಪ ಗಳ ಊರಿ ನಿಂತ.
"ಸಾಹೇಬ್ರ, ಆ ದಂಡಿಯಿಂದ ಅಳದ್ರೂ ಇಷ್ಟ ಆಳ ಬರತೈತಲ್ರಿ?"
ನಾನು ಇಂಗ್ಲಿಷಿಗೆ ತಿರುಗಿಸಿದೆ.
ನಂಬಿಯಾರ್ ಆ ದಡವನ್ನೇ ನೋಡುತ್ತಿದ್ದರು.
ಅಲ್ಲಿಯೂ ಯಾರೋ ಒಬ್ಬ ನೀರಿಗಿಳಿದು,
ಕೈಯಲ್ಲಿ ಕೋಲು ಹಿಡಿದು, ನಿಂತಿದ್ದ.
ಮೀನಿಗಿರಬಹುದು.

ಮುಂದಿನದು ಕರಿಬಂಡೆಯ ಮಗ್ಗುಲು.
ಗಳ ಇಳಿಯಿತು, ಎದ್ದಿತು. ಈ ಸಲ ಹುಲಿಗೆಪ್ಪ
ಗುರುತನ್ನು ತನ್ನ ಮೈಗೆ ಹಿಡಿಯಲಿಲ್ಲ.
"ಯಾರ ಮಟ್ಟ ಹೇಳ್ಲಿ? ಬರೋ ಹುಡುಗ್ರು ಎಷ್ಟೆತ್ತರ ಅದಾರ?"
ತಿರುಗಿಸಿದೆ.
ಕ್ಯಾಪ್ಟನ್ ಟೋಪಿ ತೆಗೆದು, ಓಲಾಡುವ ಹರಿಗೋಲಿನಲ್ಲಿ,
ನನ್ನ ಹೆಗಲು ಹಿಡಿದು ಎದ್ದು ನಿಂತರು.
ಹುಲಿಗೆಪ್ಪ ನೀರು ಸೋರುವ ಗಳವನ್ನು
ಅವರ ಪಕ್ಕಕ್ಕೆ ಹಿಡಿದ, ದರ್ಜಿ ಹಿಡಿದಂತೆ.
"ನಿಮಗ ಗದ್ದ."

ನಾನು ಬರೆದೆ: ಐದು ಅಡಿ.